ಶಾಲೆಗೆ ಫ್ರೆಂಚ್ ಬಂದ ವರ್ಷ

ಹೌನ್ಸ್ಲೋದಲ್ಲಿ ನಾನು ಬಸ್ಸಿಗೆ ನಡೆದುಹೋಗುವ ದಾರಿಯಲ್ಲಿ ಒಂದು ಪ್ರೈಮರಿ ಶಾಲೆಯಿದೆ. ಬಿಸಿಲು ಬಿದ್ದ ದಿನ ಅದರ ಕಿಟಕಿಗಳನ್ನು ತೆರೆದಿಡುತ್ತಾರೆ. ಮೊನ್ನೆ ಅಲ್ಲಿಂದ ಪುಟ್ಟ ಮಕ್ಕಳು ಒಟ್ಟಾಗಿ ಫ್ರೆಂಚಿನಲ್ಲಿ ಬಣ್ಣಗಳ ಹೆಸರು ಹಾಡುವುದು ಕೇಳಿಸಿತು. ಇಂಪಾದ ಸದ್ದೇ ಅದು. ನನ್ನ ಮುಂದೆ ಹೋಗುತ್ತಿದ್ದ ಮುದುಕನೊಬ್ಬ ನಿಂತು, ಕೇಳಿ, ನಕ್ಕು ಮುಂದೆ ಹೋದ. ನಾನು ಮಾತ್ರ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ಫ್ರೆಂಚಿನ ಮೇಲೂ ಇಲ್ಲ. ಆದರೆ ಅಂಥ ಹಾಡು ಕಿವಿಗೆ ಬಿದ್ದರೆ ಸಾಕು, ಹುರಿದ ಅಗಸಿ ಬೀಜದ ಘಮ ಮೂಗಿಗೆ ಬಡಿದು, ಈಗ ಇಲ್ಲದ ಒಂದು ಅಡುಗೆಮನೆ ಕಣ್ಣೆದುರು ನಿಲ್ಲುತ್ತದೆ. ಅದರ ಬೆನ್ನಿಗೇ ಸೇಡು ಏಳುತ್ತದೆ. ಇಷ್ಟು ವರ್ಷ ಅದನ್ನು ಆರಲು ಬಿಡದೆ ಕಾಪಾಡಿಕೊಂಡು ಬಂದವಳು ನಾನೇ.

ಆ ಅಡುಗೆಮನೆ ಗೋದಾತ್ಯಾನದು. ಗೋದಾತ್ಯಾ ಅಪ್ಪನ ಅಕ್ಕ. ಧಾರವಾಡದಲ್ಲಿ ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ಸಾಕಿ, ಓದಿಸಿ, ಡಾಕ್ಟರ್ ಮಾಡಿದವಳು ಅವಳು. ಅವಳ ಗಂಡ ಹೋದ ಮೇಲೆ, ನಾನು ಹುಟ್ಟಿದ ವರ್ಷ, ಅಪ್ಪ ಅವಳನ್ನು ಲಂಡನ್ನಿಗೆ ಕರೆಸಿಕೊಂಡಿದ್ದ. ಅಪ್ಪನಿಗೆ ಸರ್ಕಾರಿ ಆಸ್ಪತ್ರೆಯ ಡ್ಯೂಟಿ, ಅವ್ವನಿಗೆ ಏರ್‌ಪೋರ್ಟಿನಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಕೆಲಸ. ಇಬ್ಬರದೂ ಪಾಳಿ. ಹೀಗಾಗಿ ನನ್ನನ್ನೂ ತಮ್ಮ ಆದಿತ್ಯನನ್ನೂ ಬೆಳೆಸಿದವಳು ಅತ್ಯಾನೇ. ನಮ್ಮ ಫ್ಲ್ಯಾಟಿನ ಮೇಲೆ ವಿಮಾನಗಳು ಹೊಟ್ಟೆ ಕಾಣಿಸುವಷ್ಟು ಕೆಳಗೆ ಇಳಿಯುತ್ತಿದ್ದವು, ಒಗ್ಗರಣೆಯ ಡಬ್ಬಿಗಳು ಗಲಗಲ ಅನ್ನುತ್ತಿದ್ದವು. ಅತ್ಯಾ ಲಟ್ಟಣಿಗೆ ಎತ್ತಿ, "ಸಾವಕಾಶ ಹೋಗೋ ಮಾರಾಯಾ, ನಮ್ಮ ಹುಡುಗ ಮಲ್ಕೊಂಡಾನ," ಎಂದು ವಿಮಾನವನ್ನೇ ಗದರುತ್ತಿದ್ದಳು. ಚಟ್ನಿಪುಡಿಗೆ ಅಗಸಿ ಹುರಿಯುವ ದಿನ ಛಾವಣಿಯ ಹೊಗೆಯ ಅಲಾರಂ ಚೀರಿಕೊಂಡರೆ ಅದರ ಕೆಳಗೆ ನಿಂತು ಸೆರಗು ಬೀಸುತ್ತ ಅದಕ್ಕೂ ಬೈಗುಳ. ಮಾತಾಡದೆ ಅವಳು ಒಂದು ಬಟ್ಟೆಯನ್ನೂ ಮಡಚಿದವಳಲ್ಲ. ನನ್ನ ತಲೆ ಬಾಚುವಾಗ ಸಿಕ್ಕು ಬಿಡಿಸುವುದಕ್ಕೊಂದು ಕತೆ, ಹೆರಳು ಹಾಕುವುದಕ್ಕೊಂದು ಕತೆ. ಹೆರಳು ಮುಗಿದರೂ ಕತೆ ಮುಗಿಯದಿದ್ದರೆ ಕಟ್ಟಿದ ರಿಬ್ಬನ್ನನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ನನಗೆ ಆಗ ಕನ್ನಡ ಒಂದು ಭಾಷೆ ಎಂದೇ ಗೊತ್ತಿರಲಿಲ್ಲ. ಮನೆಯೊಳಗಿನ ಗಾಳಿಗೆ ಯಾರಾದರೂ ಹೆಸರಿಟ್ಟುಕೊಂಡು ತಿರುಗುತ್ತಾರೆಯೇ?

ಆದಿತ್ಯ ಶಾಲೆಗೆ ಸೇರಿದ ಮೊದಲ ಚಳಿಗಾಲದಲ್ಲಿ ನಮ್ಮ ಹೆಡ್ ಟೀಚರ್ ಮಿಸೆಸ್ ಕಾಲ್ಡರ್ ಅಪ್ಪ ಅವ್ವನನ್ನು ಕರೆಸಿದಳು. ಬಹುವಚನ ಕೊಡುತ್ತಿಲ್ಲ, ಗಮನಿಸಿರಬಹುದು. ಬೇಕೆಂದೇ ಕೊಡುತ್ತಿಲ್ಲ. ತಮ್ಮ ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ಮನೆಗೆ ಬಂದರೆ ಅತ್ಯಾನ ಸೊಂಟಕ್ಕೆ ಜೋತು ಬಿದ್ದು ಪಟಪಟ ಮಾತಾಡುತ್ತಿದ್ದ. ಅದು ಕಾಯಿಲೆಯೇನೂ ಅಲ್ಲ, ಸಂಕೋಚ. ಮಿಸೆಸ್ ಕಾಲ್ಡರ್ ಮಾತ್ರ ಅಪ್ಪನಿಗೆ ಸ್ಪಷ್ಟವಾಗಿ ಹೇಳಿದಳು: "ಇಷ್ಟು ಪುಟ್ಟ ತಲೆಗೆ ಎರಡು ಭಾಷೆಯ ಭಾರ ಹೊರಲು ಆಗುವುದಿಲ್ಲ, ಡಾಕ್ಟರ್. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ. ಇಲ್ಲದಿದ್ದರೆ ಹುಡುಗ ಎರಡರಲ್ಲೂ ಹಿಂದೆ ಬೀಳುತ್ತಾನೆ." ನನ್ನ ಅಪ್ಪ ಮೇಜಿನ ಆಚೆ ಕೂತವರನ್ನು ಎಂದೂ ಮರುಪ್ರಶ್ನೆ ಕೇಳಿದವನಲ್ಲ. ಅವತ್ತು ಸಂಜೆ ಚಹಾದ ಹೊತ್ತಿಗೆ ಮನೆಯಲ್ಲಿ ಕಾನೂನು ಜಾರಿಯಾಯಿತು.

"ಹಂಗಂದ್ರ ನಾ ಹುಡುಗ್ರ ಜೋಡಿ ಮಾತಾಡೂದs ಬ್ಯಾಡೇನು?" ಎಂದು ಅತ್ಯಾ ಕೇಳಿದಳು.

"ಸ್ವಲ್ಪ ದಿವಸ ಅಷ್ಟs ಅಕ್ಕಾ. ಕಲಿತವರು ಹೇಳ್ಯಾರ. ಹುಡುಗನ ಸಲುವಾಗಿ," ಎಂದ ಅಪ್ಪ.

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅತ್ಯಾ ಕೈಸನ್ನೆಯಿಂದಲೇ ತಡೆದಳು. ಹುಡುಗನ ಸಲುವಾಗಿ ಎಂದ ಮೇಲೆ ಅವಳಿಗೆ ಮುಂದಿನ ಮಾತು ಬೇಕಿರಲಿಲ್ಲ.

ಅವಳು ನಿಯಮವನ್ನು ಅಪ್ಪನಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದಳು. ಕಮ್, ಈಟ್, ನೋ, ಹಾಟ್ ಎಂಬ ಕೆಲವು ಮಾತುಗಳನ್ನು ಹೇಗೋ ಕೂಡಿಸಿಕೊಂಡು ಅಷ್ಟರಲ್ಲೇ ನಮ್ಮನ್ನು ಸಾಕಲು ನೋಡಿದಳು. ಹೆರಳು ಹಾಕುವ ಕೈ ಅದೇ, ಎಣ್ಣೆ ಅದೇ, ಬಾಚಣಿಗೆಯ ಹಲ್ಲಿನ ಸದ್ದೂ ಅದೇ. ಕತೆ ಮಾತ್ರ ಇಲ್ಲ. ನಾನು ಮರೆತು ಕನ್ನಡದಲ್ಲಿ ಏನಾದರೂ ಕೇಳಿದರೆ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸುತ್ತಿದ್ದಳು. ತಿಂಗಳುಗಳು ಕಳೆದಂತೆ ವಿಮಾನಗಳನ್ನು ಗದರುವುದನ್ನೂ ಬಿಟ್ಟಳು. ಅಡುಗೆಮನೆಯ ಸ್ಟೂಲಿನ ಮೇಲೆ ಕಿಟಕಿಗೆ ಮುಖ ಮಾಡಿ ಕೂತಿರುತ್ತಿದ್ದಳು. ಶಾಲೆಯಿಂದ ಬಂದ ಆದಿತ್ಯ ಇಂಗ್ಲಿಷಿನಲ್ಲಿ ಹೇಳುವ ಸುದ್ದಿಗೆ ಅರ್ಥವಾಗದೆ ನಗುತ್ತಿದ್ದಳು. ಆ ನಗು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಮರುವರ್ಷ ಬೇಸಿಗೆ ರಜೆಯಲ್ಲಿ, ಮೊಣಕಾಲಿಗೆ ಈ ಥಂಡಿ ಆಗಿಬರುವುದಿಲ್ಲ ಎಂಬ ನೆವ ಹೇಳಿ ಧಾರವಾಡಕ್ಕೆ ಹೊರಟಳು. ಏರ್‌ಪೋರ್ಟಿನಲ್ಲಿ ನಮ್ಮಿಬ್ಬರ ಗಲ್ಲ ಹಿಡಿದು, ಯಾರ ಹತ್ತಿರ ಕಲಿತಿದ್ದಳೋ, "ಬಿ ಗುಡ್," ಎಂದಳು. ನಮ್ಮನ್ನು ಸಾಕಿದವಳು ನಮಗೆ ಆಡಿದ ಕೊನೆಯ ಮಾತು ಇಂಗ್ಲಿಷಿನದು. ಆ ಚಳಿಗಾಲದಲ್ಲಿ ಧಾರವಾಡದಿಂದ ಫೋನ್ ಬಂತು. ಅಪ್ಪ ಒಬ್ಬನೇ ಹೋಗಿ ಕರ್ಮ ಮುಗಿಸಿಕೊಂಡು ಬಂದ.

ಅದಾಗಿ, ವಸಂತದ ಡ್ಯಾಫಡಿಲ್ ಹೂ ಬಿಡುವ ಹೊತ್ತಿಗೆ, ನಮ್ಮ ಶಾಲೆಗೆ ಫ್ರೆಂಚ್ ಬಂತು. ಪ್ರೈಮರಿಯಿಂದಲೇ ಪರಭಾಷೆ ಕಲಿಸುವ ಹೊಸ ಯೋಜನೆ ಎಂದು ಪಾಲಕರನ್ನೆಲ್ಲ ಶಾಲೆಯ ಹಾಲಿಗೆ ಕರೆದರು. ಮಿಸೆಸ್ ಕಾಲ್ಡರ್ ಕೊರಳಿಗೆ ಹೊಸ ಸ್ಕಾರ್ಫ್ ಸುತ್ತಿಕೊಂಡು, ಕೆಂಪೇರಿದ ಮುಖದಲ್ಲಿ, ನಿಜವಾದ ಉತ್ಸಾಹದಿಂದ ಮಾತಾಡಿದಳು. "ಚಿಕ್ಕವರಿದ್ದಾಗಲೇ ಎರಡನೆಯ ಭಾಷೆ ಕಿವಿಗೆ ಬಿದ್ದರೆ ಮಕ್ಕಳ ಬುದ್ಧಿ ಚುರುಕಾಗುತ್ತದೆ. ಎರಡು ಭಾಷೆಯಿಂದ ಮಕ್ಕಳಿಗೆ ಗೊಂದಲವಾಗುತ್ತದೆ ಎನ್ನುವುದೆಲ್ಲ ಹಳೆಯ ಮೂಢನಂಬಿಕೆ," ಎಂದಳು. ನಾನು ಅವ್ವನ ಪಕ್ಕದಲ್ಲಿ ಕೂತಿದ್ದೆ. ಏರ್‌ಪೋರ್ಟಿನ ಯೂನಿಫಾರ್ಮಿನಲ್ಲೇ ಬಂದಿದ್ದ ಅವ್ವ ನಿಧಾನವಾಗಿ ಎದ್ದು ನಿಂತಳು. ಅಪ್ಪ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

"ನಮಗೆ ನೀವು ಬೇರೆ ಹೇಳಿದ್ದಿರಿ," ಎಂದು ಇಂಗ್ಲಿಷಿನಲ್ಲಿ, ಒಂದಿಷ್ಟೂ ದನಿ ಏರಿಸದೆ ಹೇಳಿದಳು. "ಎರಡು ಭಾಷೆಯ ಭಾರ ಹೊರಲು ಆಗುವುದಿಲ್ಲ, ಮನೆಯಲ್ಲಿ ನಮ್ಮದನ್ನು ನಿಲ್ಲಿಸಿ ಎಂದಿರಿ. ನಿಲ್ಲಿಸಿದೆವು."

ಮಿಸೆಸ್ ಕಾಲ್ಡರ್ ಒಂದು ಕ್ಷಣವೂ ತಡವರಿಸಲಿಲ್ಲ. ಅನುಕಂಪದಿಂದ ತಲೆ ವಾಲಿಸಿ ನಕ್ಕಳು. "ಅದು ಬೇರೆ ವಿಷಯ. ಇದು ಫ್ರೆಂಚ್. ಮಕ್ಕಳಿಗೆ ಮುಂದೆ ಉಪಯೋಗಕ್ಕೆ ಬರುತ್ತದೆ."

"ಥ್ಯಾಂಕ್ ಯೂ," ಎಂದು ಅವ್ವ ತನ್ನ ಕೌಂಟರಿನ ದನಿಯಲ್ಲಿ ಹೇಳಿ ಕೂತಳು. ಸಭೆ ಮುಗಿಯಿತು. ಬಸ್ ಸ್ಟಾಪಿನಲ್ಲಿ ಅಪ್ಪನ ಕಡೆ ತಿರುಗಿದಳು. "ಕೇಳಸ್ಕೊಂಡ್ರಲ್ಲಾ? ಇವತ್ತಿಂದ ನನ್ನ ಮನ್ಯಾಗ ಯಾರೂ ಇಂಗ್ಲಿಷ್ ಆಡಂಗಿಲ್ಲ. ಆಡಿದವರಿಗೆ ಊಟ ಇಲ್ಲ. ನಿಮಗೂ ಅಷ್ಟs."

ನನಗೆ ತಿಳಿದ ಮಟ್ಟಿಗೆ ಅದು ನಮ್ಮ ವಂಶದ ಮೊದಲ ಪ್ರತೀಕಾರ. ಅದನ್ನು ಸಾರಿನ ಸೌಟು ಹಿಡಿದೇ ತೀರಿಸಲಾಯಿತು. ಮಾರನೆಯ ದಿನ ಆದಿತ್ಯ ತಟ್ಟೆ ಮುಂದೆ ಕೂತು ಹಸಿವೆಂದು ಇಂಗ್ಲಿಷಿನಲ್ಲಿ ಅತ್ತ. ಅವ್ವನ ಕೈಯಲ್ಲಿ ಸೌಟಿತ್ತು, ಸೌಟಿನಲ್ಲಿ ಸಾರಿತ್ತು, ಸೌಟು ಬಗ್ಗಲಿಲ್ಲ. ಅವನು ಸಣ್ಣವನು, ಹೀಗೆ ಮಾಡಬಾರದು ಎಂದು ಅಪ್ಪ ಇಂಗ್ಲಿಷಿನಲ್ಲಿ ಬೇಡಿಕೊಂಡ. ಅವನ ತಟ್ಟೆಯೂ ಖಾಲಿ ಉಳಿಯಿತು. ಸಾರು ಆರುತ್ತಿತ್ತು. ಕಡೆಗೆ ಅಪ್ಪನೇ, ಕಣ್ಣು ಕೆಳಗೆ ಹಾಕಿ, "ಹಸಿವ್ಯಾಗ್ಯದ, ನೀಡು," ಎಂದ. ಅದನ್ನು ಕೇಳಿಕೊಂಡ ಆದಿತ್ಯ ಮೂಗು ಒರೆಸಿಕೊಳ್ಳುತ್ತ, "ನನಗೂ," ಎಂದ. ಅವ್ವ ಬಡಿಸಿ, ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ನನ್ನ ಕನ್ನಡವನ್ನು ಹೊಗಳುವವರಿಗೆ ಇದು ಗೊತ್ತಿಲ್ಲ. ಇದು ಪ್ರೀತಿಯಿಂದ ಕಲಿಸಿದ ಕನ್ನಡವಲ್ಲ. ಪ್ರೀತಿಯಿಂದ ಕಲಿಸಿದವಳ ಕನ್ನಡವನ್ನು ನಮ್ಮ ಬಾಯಿಂದ ಕಿತ್ತು ಹಾಕಿಯಾಗಿತ್ತು. ಇದು ಆಮೇಲೆ ಹಸಿವಿನಿಂದ, ಸೇಡಿನಿಂದ ಕಲಿತದ್ದು.

ಶಾಲೆಯಲ್ಲಿ ನನ್ನ ಸೇಡು ನನ್ನದೇ ಇತ್ತು. ಮಿಸೆಸ್ ಕಾಲ್ಡರ್ ನಮ್ಮ ತರಗತಿಗೆ ತಾನೇ ಫ್ರೆಂಚ್ ಕಲಿಸುತ್ತಿದ್ದಳು. ಟರ್ಮಿನ ಕೊನೆಗೆ ಶಾಲೆ ನಡೆಸುವ ಕೌನ್ಸಿಲಿನವರೂ ಪಾಲಕರೂ ಬರುವ ಒಂದು ಪ್ರದರ್ಶನ. ನಾವು ಫ್ರೆಂಚಿನಲ್ಲಿ ಹತ್ತರವರೆಗೆ ಎಣಿಸಬೇಕಿತ್ತು. ಆಟದ ಬಿಡುವಿನಲ್ಲಿ, ಬೇಲಿಯ ಪಕ್ಕ, ನಾನು ಇಡೀ ತರಗತಿಗೆ ಬೇರೆ ಎಣಿಕೆ ಕಲಿಸಿದೆ. ಪಂಜಾಬಿ ಮಕ್ಕಳು, ಸೊಮಾಲಿ ಮಕ್ಕಳು, ಪೋಲಿಷ್ ಹುಡುಗಿಯರು, ಯಾರೂ ಏಕೆ ಎಂದು ಕೇಳಲಿಲ್ಲ. ಹೆಡ್ ಟೀಚರಿಗೆ ಗೊತ್ತಾಗಬಾರದು ಎಂದದ್ದೇ ಅವರಿಗೆ ಸಾಕಿತ್ತು. ಪ್ರದರ್ಶನದ ದಿನ ಅವಳು ವಾದ್ಯಗಾರರನ್ನು ನಡೆಸುವವಳಂತೆ ಎರಡೂ ಕೈ ಎತ್ತಿದಳು. ನಾವು ಗಂಟಲು ಹರಿಯುವಂತೆ ಕೂಗಿದೆವು: ಒಂದು, ಎರಡು, ಮೂರು, ನಾಲ್ಕು. ಅವಳ ಕೈ ಗಾಳಿಯಲ್ಲೇ ನಿಂತವು. ಸ್ಕಾರ್ಫಿನ ಮೇಲಿನಿಂದ ಕೆಂಪು ಕಿವಿಯವರೆಗೆ ಏರುವುದನ್ನು ನಾನು ಮುಂದಿನ ಸಾಲಿನಿಂದ ಕಣ್ತುಂಬ ನೋಡಿದೆ. ಕೌನ್ಸಿಲಿನವರು ಅದೂ ಫ್ರೆಂಚೇ ಎಂದುಕೊಂಡರೋ ಏನೋ, ಹತ್ತು ಎನ್ನುತ್ತಲೇ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಒಂದೇ ಒಂದು ನಗು ಕೇಳಿಸಿತು, ಅವ್ವನದು. ನನಗೆ ಟರ್ಮ್ ಮುಗಿಯುವವರೆಗೆ ಆಟದ ಬಿಡುವು ಇಲ್ಲವಾಯಿತು. ಕಾರಿಡಾರಿನ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದೆ, ಮನಸ್ಸಿನಲ್ಲಿ ಹಬ್ಬದೂಟ ಉಂಡವಳ ಹಾಗೆ.

ವರ್ಷಗಳು ಹೋದವು. ಅಪ್ಪ ಅವ್ವ ಆ ಫ್ಲ್ಯಾಟ್ ಬಿಟ್ಟು ಲಂಡನ್ನಿನ ಇನ್ನೊಂದು ಮೂಲೆಯ ಪಿನ್ನರಿಗೆ ಮನೆ ಬದಲಾಯಿಸಿದರು. ಅವ್ವ ಮಾತ್ರ ಬಸ್ ಸ್ಟಾಪಿನ ಮಾತಿನಿಂದ ಇವತ್ತಿಗೂ ಹಿಂದೆ ಸರಿದಿಲ್ಲ. ಕಳೆದ ವಸಂತದಲ್ಲಿ ಅವರನ್ನು ನೋಡಲು ಹೋದವಳು ಅಲ್ಲಿಯ ಸೂಪರ್ ಮಾರ್ಕೆಟಿನಲ್ಲಿ ಮೊಸರು ಆರಿಸುತ್ತಿದ್ದಾಗ ಯಾರೋ ಹೆಸರು ಹಿಡಿದು ಕರೆದರು. ತಿರುಗಿದರೆ ಮಿಸೆಸ್ ಕಾಲ್ಡರ್. ಕುಗ್ಗಿಹೋಗಿದ್ದಳು, ಟ್ರಾಲಿಯನ್ನು ಊರುಗೋಲಿನಂತೆ ಹಿಡಿದಿದ್ದಳು. ಇಂಥ ಭೇಟಿಗಾಗಿ ನಾನು ಎಷ್ಟು ವಾಕ್ಯ ಮಸೆದು ಇಟ್ಟುಕೊಂಡಿದ್ದೆ! ಆದರೆ ಅವಳು ನನಗೆ ಎಡೆ ಕೊಡದೆ ಕೇಳಿದಳು: "ನಿಮ್ಮನ್ನು ಶಾಲೆಗೆ ಬಿಡಲು ಒಬ್ಬರು ಬರುತ್ತಿದ್ದರಲ್ಲ, ಸೀರೆಯ ಮೇಲೆ ಬೂದು ಕಾರ್ಡಿಗನ್, ಅವರು ಹೇಗಿದ್ದಾರೆ?"

ತೀರಿಕೊಂಡರು ಎಂದೆ. ಅವಳ ಕಣ್ಣು ಒದ್ದೆಯಾದವು. "ಊರಿಗೆ ಹೋಗುವ ಮೊದಲಿನ ವರ್ಷ, ದಿನಾ ಬೆಳಿಗ್ಗೆ ಗೇಟಿನಲ್ಲಿ ನೀವು ಒಳಗೆ ಓಡಿದ ಮೇಲೆ, ನನ್ನ ಕೈ ಹಿಡಿದು ಏನೋ ಹೇಳುತ್ತಿದ್ದರು. ದಿನಾ ಅದೇ ಮಾತು. ಏನಿರಬಹುದು ಎಂದು ಈಗಲೂ ಯೋಚಿಸುತ್ತೇನೆ," ಎಂದಳು.

ನನ್ನ ಮಸೆದ ವಾಕ್ಯಗಳೆಲ್ಲ ಎಲ್ಲಿ ಹೋದವೋ. ಹೇಳಿ ತೋರಿಸಿ, ಎಂದೆ. ಅವಳು ಕಣ್ಣು ಮುಚ್ಚಿ ಪ್ರಯತ್ನಿಸಿದಳು. ಅರ್ಥವೂ ಇಲ್ಲದ, ರೂಪವೂ ಇಲ್ಲದ ಏನೋ ಸದ್ದು ಬಂತು. ಮತ್ತೊಮ್ಮೆ, ಎಂದೆ. ಮತ್ತೆ ಬೇರೆಯೇ ಸದ್ದು. ನಾನು ಬಿಡಲಿಲ್ಲ. ಹಾಲಿನ ಫ್ರಿಜ್ಜುಗಳ ತಣ್ಣನೆ ಗಾಳಿಯಲ್ಲಿ ಆ ಮುದುಕಿಯನ್ನು ನಿಲ್ಲಿಸಿಕೊಂಡು, ಅವಳು "ಕ್ಷಮಿಸು, ಮರೆತುಹೋಯಿತು," ಎನ್ನುವವರೆಗೆ ಹೇಳಿಸಿದೆ. ಸಮಾಧಾನದ ಒಂದು ಮಾತನ್ನೂ ಆಡದೆ ಹೊರಟು ಬಂದೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಮನೆಗೆ ಬಂದು ಹೇಳಿದಾಗ ಅವ್ವನ ಮುಖ ಅರಳಿತು. "ಬೈದಿರ್ತಾರ. ಚೊಲೋತ್ನ್ಯಾಗ ಬೈದಿರ್ತಾರ, ಕೈ ಹಿಡದು."

ಅಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. "ಇಲ್ಲ," ಎಂದ. "ಹುಡುಗ್ರನ್ನ ಚಂದಾಗಿ ನೋಡ್ಕೊಳ್ರಿ ಅಂದಿರ್ತಾಳ. ನನ್ನ ಸಾಲೀಗೆ ಬಿಡ್ಲಿಕ್ಕೆ ಬಂದಾಗೂ ಮಾಸ್ತರಿಗೆ ಹಂಗs ಅಂತಿದ್ಲು."

ಅತ್ಯಾ ಹೋದ ಮೇಲೆ ಅಪ್ಪ ಅವಳ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು. ಅಪ್ಪ ಹೇಳಿದ್ದೇ ನಿಜವಿರಬೇಕು. ಆದರೂ ಅದು ಶಾಪವೇ ಆಗಿರಲಿ ಎಂದು ನಾನು ಇಂದಿಗೂ ಹಂಬಲಿಸುತ್ತೇನೆ. ಇಡೀ ದಿನ ನಮ್ಮೆದುರು ಬಾಯಿ ಕಟ್ಟಿಕೊಂಡಿದ್ದವಳು ಒಂದು ಮಾತಿಗಾಗಿ ಬಾಯಿ ಬಿಡುತ್ತಿದ್ದಳು, ಅದನ್ನೂ ಆ ಹೆಂಗಸಿನ ಕೈ ಹಿಡಿದು ಬೇಡಿಕೊಳ್ಳುವುದಕ್ಕೆ ಖರ್ಚು ಮಾಡಿದಳು ಎಂದು ನಂಬುವುದು ನನ್ನಿಂದ ಆಗುವುದಿಲ್ಲ.