ತೇಲುವ ಅಂಗಡಿಯಲ್ಲಿ ಬಿಟ್ಟು ಬಂದ ಮೀನು

ವಾಷಿಂಗ್ಟನ್ನಿನಲ್ಲಿ ನದಿಯ ಮೇಲೆ ತೇಲುವ ಒಂದು ಮೀನು ಮಾರುಕಟ್ಟೆ ಇದೆ. ಅಲ್ಲಿ ಅಂಗಡಿಗಳು ನೆಲದ ಮೇಲಿಲ್ಲ. ದಡದ ಕಲ್ಲುಗೋಡೆಗೆ ಹಗ್ಗದಿಂದ ಕಟ್ಟಿದ ಅಗಲವಾದ ಚಪ್ಪಟೆ ದೋಣಿಗಳ ಮೇಲಿವೆ. ನೀರು ಏರಿದರೆ ಅಂಗಡಿಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಊರಿನಿಂದ ಬಂದ ನೆಂಟರಿಗೆಲ್ಲ ನಾವು ಬಿಳಿ ಸ್ಮಾರಕಗಳನ್ನು ತೋರಿಸಿದೆವು, ವಿಮಾನಗಳ ಮ್ಯೂಸಿಯಂ ತೋರಿಸಿದೆವು. ಅಲ್ಲಿಗೆ ಮಾತ್ರ ಯಾರನ್ನೂ ಕರೆದೊಯ್ಯಲಿಲ್ಲ. "ಅಲ್ಲಿ ನಮಗೇನಿದೆ, ಬರೀ ಮೀನು" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ನಿಜವಾದ ಕಾರಣವನ್ನು ಇಲ್ಲಿ ಬರೆಯುತ್ತೇನೆ.

ತೊಂಬತ್ತರ ದಶಕದ ನಡುಭಾಗ. ವಾಷಿಂಗ್ಟನ್ನಿನ ಹೊರವಲಯದ ಸೆಂಟರ್‌ವಿಲ್‌ನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ನಾವಿದ್ದೆವು. ಕೆಳಗಿನ ಮನೆಗೆ ಹೊಸದಾಗಿ ಮದುವೆಯಾದ ಕನ್ನಡದ ಜೋಡಿಯೊಂದು ಬಂತು. ಗಂಡನ ಪ್ರಾಜೆಕ್ಟ್ ಇದ್ದದ್ದು ದೂರದ ಶಾರ್ಲಟ್‌ನಲ್ಲಿ. ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಉಳಿದ ದಿನ ಹುಡುಗಿ ಒಬ್ಬಳೇ. ಅವಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಕನ್ನಡ ಮೀಡಿಯಂನಲ್ಲಿ ಓದಿದವಳು. ಯಾವ ಕಡೆಯಮ್ಮ ಎಂದು ಕೇಳಿದಾಗ "ಉಡುಪಿ ಹತ್ರ ಅಕ್ಕ" ಎಂದಳು. ಉಡುಪಿ ಎಂದ ಕೂಡಲೇ ನನ್ನಂಥ ಮೈಸೂರಿನ ಹೆಂಗಸರು ಮಾಡುವ ತೀರ್ಮಾನವನ್ನೇ ನಾನೂ ಮಾಡಿದೆ: ಮಠ, ಹೋಟೆಲು, ಈರುಳ್ಳಿಯಿಲ್ಲದ ಸಾರು. ಸೀದಾ ಅಡುಗೆಮನೆಗೇ ಕರೆದು ಕೂರಿಸಿದೆ. ಅವಳು ನನ್ನನ್ನು ತಿದ್ದಲಿಲ್ಲ. ನಾನು ಕೇಳಿದ್ದರೆ ತಾನೇ ತಿದ್ದುವುದು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಮೆಲ್ಲಗೆ ಮಾತಾಡುವುದು, ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಳ್ಳುವುದು, ತಪ್ಪಿಲ್ಲದ ಇಂಗ್ಲಿಷ್ ಆಡುವುದು, ಇಷ್ಟನ್ನು ಸಿಸ್ಟರುಗಳು ನಮ್ಮ ಮೈಗೆ ಹತ್ತಿಸಿ ಕಳಿಸಿದ್ದರು. ಅಮೆರಿಕದಲ್ಲಿ ನನಗೆ ಹೊರಗಿನ ಕೆಲಸ ಇರಲಿಲ್ಲ. ಆದರೆ ಆ ಇಂಗ್ಲಿಷಿಗೆ ಕೆಲಸವಿತ್ತು. ಯಾರ ಅತ್ತೆಗೆ ಹಲ್ಲುನೋವು ಬಂದರೂ, ಯಾರ ಮಗುವನ್ನು ಶಾಲೆಗೆ ಸೇರಿಸಬೇಕಾದರೂ ನನ್ನನ್ನು ಕರೆಯುತ್ತಿದ್ದರು. ಈ ಹುಡುಗಿ ಬಸುರಾದಾಗ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದವಳೂ ನಾನೇ. "ನೀವಿದ್ರೆ ನಂಗೂ ಬಾಯಿ ಬಂದ ಹಾಗೆ ಅಕ್ಕ" ಎನ್ನುತ್ತಿದ್ದಳು. ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂದರೆ, ಮನೆಗೆ ಬಂದು ಗಂಡನಿಗೂ ಹೇಳಿದ್ದೆ.

ಐದನೇ ತಿಂಗಳಿಗೆ ಬಿದ್ದರೂ ಅವಳ ವಾಂತಿ ನಿಲ್ಲಲಿಲ್ಲ. ನಮ್ಮ ಮನೆಯ ಸಾಸಿವೆ ಒಗ್ಗರಣೆ ಕೆಳಗಿನ ಮನೆಗೆ ಇಳಿದರೂ ಬಚ್ಚಲಿಗೆ ಓಡುತ್ತಿದ್ದಳು. ಆ ತಿಂಗಳ ತಪಾಸಣೆಯಲ್ಲಿ ನರ್ಸ್ ತೂಕದ ಯಂತ್ರದ ಮುಳ್ಳನ್ನು ಎರಡೆರಡು ಬಾರಿ ನೋಡಿ ನನ್ನ ಕಡೆ ತಿರುಗಿದಳು. ತೂಕ ಏರಿಲ್ಲ, ಇಳಿದಿದೆ, ಏನಾದರೂ ತಿನ್ನಲೇಬೇಕೆಂದು ಹೇಳಿ ಎಂದಳು. ಹೇಳಿದೆ. ಕಾರಿನಲ್ಲಿ ನನ್ನದೂ ಒಂದಿಷ್ಟು ಸೇರಿಸಿದೆ.

"ಏನು ತಿನ್ಬೇಕು ಅನ್ಸತ್ತೆ, ಬಾಯಿಬಿಟ್ಟು ಹೇಳಮ್ಮ. ಬಸುರಿ ಬಯಕೆ ತೀರಿಸದಿದ್ರೆ ಮಗು ಕಿವಿ ಸೋರತ್ತೆ ಅಂತಾರೆ. ಇಲ್ಲಿ ನಿನಗೆ ತವರುಮನೆ ಅಂದ್ರೆ ನಾನೇ ತಾನೆ?"

ಅವಳು ಸೀಟ್ ಬೆಲ್ಟಿನ ಅಂಚನ್ನು ಉಗುರಿನಿಂದ ಕೆರೆದಳು.

"ಬೈಬಾರ್ದು ಅಕ್ಕ. ನಂಗೆ ಮೀನು ತಿನ್ಬೇಕು ಅಂತ ಆಗ್ತದೆ."

ಸಿಗ್ನಲ್ ಹಸಿರಾದದ್ದು ನನಗೆ ತಿಳಿಯಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

"ಅದಕ್ಯಾಕಮ್ಮ ಬೈತಾರೆ? ನಾನೇನು ಹಳೇ ಕಾಲದೋಳಾ?" ಎಂದೆ. ಹಾಗೆಂದಾಗ ನನ್ನ ದನಿ ನನಗೇ ಇಷ್ಟವಾಯಿತು.

ಸೂಪರ್‌ಮಾರ್ಕೆಟ್ಟಿನಲ್ಲಿ ಮೀನು ಸಿಗುತ್ತದಲ್ಲ ಎಂದರೆ ಅವಳಿಗೆ ನಗು. "ಅಲ್ಲಿ ತಲೆ ಕತ್ತರಿಸಿ ಇಟ್ಟಿರ್ತಾರೆ ಅಕ್ಕ. ತಲೆ ಇಲ್ಲದ ಮೀನು ಹಿಡಿದು ಎಷ್ಟು ದಿನ ಆಯ್ತು ಅಂತ ಹೇಗೆ ಗೊತ್ತಾಗುದು?" ಆಗ ನನಗೆ ಈ ತೇಲುವ ಮಾರುಕಟ್ಟೆಯ ನೆನಪಾಯಿತು. ಮಗಳ ಶಾಲೆಯಿಂದ ಒಂದು ಕಾಗದ ಬಂದಿತ್ತು: ಹತ್ತಿರದ ಅಲೆಕ್ಸಾಂಡ್ರಿಯಾದ ದಡದಿಂದ ಪ್ರವಾಸಿಗರ ದೋಣಿ, ಪೊಟೊಮ್ಯಾಕ್ ನದಿಯ ಮೇಲೆ ಸುತ್ತಾಟ, ಮೀನು ಮಾರುಕಟ್ಟೆಯಲ್ಲಿ ಒಂದು ಗಂಟೆ ನಿಲುಗಡೆ. ಅಲ್ಲೇ ಹುರಿದ ಮೀನು ಸಿಗುತ್ತದೆ ಎಂದೂ ಬರೆದಿತ್ತು. ಅವಳು ಕಾಗದದ ತಟ್ಟೆಯಲ್ಲಿ ತಿನ್ನುತ್ತಾಳೆ, ನಾನು ಅಷ್ಟು ದೂರ ನಿಂತು ನದಿ ನೋಡುತ್ತೇನೆ, ಮಗಳಿಗೂ ಒಂದು ಹೊಸ ಜಾಗ ತೋರಿಸಿದ ಹಾಗಾಯಿತು. ಅಷ್ಟೇ ನನ್ನ ಲೆಕ್ಕಾಚಾರ. ಹೊರಟದ್ದು ಶನಿವಾರ. ಮರುದಿನ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು.

ಒಂಬತ್ತು ವರ್ಷದ ಮಗಳು ದೋಣಿಯ ತುದಿಯ ಕಂಬಿ ಹಿಡಿದು ನಿಂತಳು. ಮೈಕಿನಲ್ಲಿ ದೋಣಿಯವನು ಎಡಬಲದ ಕಟ್ಟಡಗಳ ಕಥೆ ಹೇಳುತ್ತಿದ್ದ. ಪಕ್ಕದಲ್ಲಿದ್ದ ಹುಡುಗಿಗೆ ಬೇಕಾದಷ್ಟನ್ನು ನಾನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಮಾರುಕಟ್ಟೆ ಕಾಣುವ ಮೊದಲೇ ವಾಸನೆ ಬಂತು. ಎರಡು ಹನಿ ಕೊಲೋನ್ ಹಾಕಿಕೊಂಡು ಬಂದಿದ್ದ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡು ಅವಳ ಕಡೆ ನೋಡಿದೆ, ಎಲ್ಲಿ ವಾಂತಿ ಮಾಡುತ್ತಾಳೋ ಎಂದು. ಅವಳು ಮುಖವನ್ನು ಗಾಳಿಗೆ ಎತ್ತಿ ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದಳು.

"ಅಕ್ಕಾ, ಥೇಟ್ ನಮ್ಮ ಧಕ್ಕೆಯ ವಾಸನೆ!" ದೋಣಿಗಳು ಮೀನು ಇಳಿಸುವ ಜಾಗಕ್ಕೆ ಅವರ ಕಡೆ ಧಕ್ಕೆ ಎನ್ನುತ್ತಾರಂತೆ.

ಐಸಿನ ದಿಬ್ಬಗಳ ಮೇಲೆ ಸಾಲಾಗಿ ಮೀನು. ಬುಟ್ಟಿಗಳಲ್ಲಿ ನೀಲಿ ಕಾಲಿನ ಏಡಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ರಬ್ಬರ್ ಬೂಟಿನವರು ತೇಲುವ ಅಂಗಡಿಯಿಂದ ದಡದವರನ್ನು ಕೂಗಿ ಕರೆಯುತ್ತಿದ್ದರು. ನಾನು ಸೀರೆಯ ನೆರಿಗೆಯನ್ನು ಮೇಲಕ್ಕೆತ್ತಿ ಹಿಡಿದು, ಒದ್ದೆಯಿಲ್ಲದ ಜಾಗ ಹುಡುಕಿ ಕಾಲಿಡುತ್ತಿದ್ದೆ. ಅವಳು ಆಗಲೇ ಒಂದು ಅಂಗಡಿಯ ಮುಂದಿದ್ದಳು. "ಬಂಗುಡೆ ಅಕ್ಕ! ಇಲ್ಲಿಯೂ ಬಂಗುಡೆ ಉಂಟು!" ಎಂದು ಒಂದನ್ನು ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ಒಳಗಿನ ಕೆಂಪು ನೋಡಿದಳು. ಹೊಟ್ಟೆ ಒತ್ತಿ ನೋಡಿದಳು. ಆ ಮೀನನ್ನು ಬದಿಗಿಟ್ಟು ಹಿಂದಿನ ಸಾಲಿನದನ್ನು ತೋರಿಸಿದಳು. ಅಂಗಡಿಯವನು ಗಟ್ಟಿಯಾಗಿ ನಕ್ಕು, ಈಕೆಗೆ ಮೋಸ ಮಾಡಲಾಗದು ಎಂದು ಪಕ್ಕದವನಿಗೆ ಹೇಳಿದ. ಅವಳು ನಾಲ್ಕು ಬೆರಳು ತೋರಿಸಿದಳು. ಅವನು ನಾಲ್ಕು ಆರಿಸಿದ. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ಅವಳಿಗೆ ನನ್ನ ಇಂಗ್ಲಿಷ್ ಬೇಕಾಗಿರಲಿಲ್ಲ. ಅದು ನನಗೆ ಸಂತೋಷ ತರಬೇಕಿತ್ತು.

"ನಮ್ಮ ಅಜ್ಜಿ ಬುಟ್ಟಿ ಹೊತ್ಕೊಂಡು ಮನೆಮನೆಗೆ ಮೀನು ಮಾರ್ತಿದ್ರು ಅಕ್ಕ" ಎಂದಳು ಖುಷಿಯಲ್ಲಿ. "ಮಧ್ಯಾಹ್ನ ಉಳಿದದ್ದು ನಮ್ಗೆ."

"ಓ, ಹೌದಾ" ಎಂದೆ. ನನ್ನ ದನಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ, ಕಾನ್ವೆಂಟಿನ ದನಿ ಅದು. ಆದರೆ ನನ್ನ ಕಾಲು ತಾನಾಗಿ ಅರ್ಧ ಹೆಜ್ಜೆ ಹಿಂದಕ್ಕೆ ಹೋಯಿತು. ಅವಳು ಕಾಲನ್ನೇ ನೋಡಿದಳು. ಆಮೇಲೆ ಎರಡೂ ಕೈಗಳನ್ನು ದುಪಟ್ಟಾಗೆ ಒರೆಸಿ ಬೆನ್ನ ಹಿಂದೆ ಇಟ್ಟುಕೊಂಡಳು.

"ಹಸೀದು ಯಾಕಮ್ಮ? ಅಲ್ಲಿ ಹುರಿದದ್ದು ಇದೆಯಲ್ಲ, ಬಿಸಿಬಿಸಿ ತಿನ್ನು."

"ಅದು ಬರೀ ಹಿಟ್ಟು ಅಕ್ಕ. ನಂಗೆ ಪುಳಿಮುಂಚಿ ಮಾಡ್ಬೇಕು. ಹುಣಸೆಹುಳಿ ನೆನೆಹಾಕಿಯೇ ಬಂದಿದ್ದೇನೆ, ಮೆಣಸೂ ಹುರಿದಿಟ್ಟಿದ್ದೇನೆ." ದೋಣಿಯ ಕಡೆ ನೋಡಿ ಕೇಳಿದಳು, "ದೋಣಿಯಲ್ಲಿ ಹಸಿ ಮೀನು ತಕೊಂಡು ಹೋಗ್ಲಿಕ್ಕೆ ಬಿಡ್ತಾರಾ? ಒಮ್ಮೆ ಕೇಳ್ತೀರಾ ಅಕ್ಕ?"

ದೋಣಿಯವನು ಹತ್ತು ಹೆಜ್ಜೆ ದೂರದಲ್ಲಿ ಹಗ್ಗದ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದ. ಅಷ್ಟು ದೂರ ನಡೆಯುವಷ್ಟರಲ್ಲಿ ನನಗೆ ಎಲ್ಲವೂ ಕಂಡಿತು. ಮೀನು ದೋಣಿಯಿಂದ ನನ್ನ ಕಾರಿಗೆ ಬರುತ್ತದೆ. ನೀರು ಸೀಟಿಗೆ ಇಳಿಯುತ್ತದೆ. ನಾಳೆ ಬೆಳಿಗ್ಗೆ ಅದೇ ಕಾರಿನಲ್ಲಿ ಪುರೋಹಿತರನ್ನು ಕರೆತರಬೇಕು. ಪೂಜೆಗೆ ಬರುವ ಹೆಂಗಸರ ಮೂಗು ಎಷ್ಟು ಚುರುಕೆಂದು ನನಗೆ ಗೊತ್ತು, ಏಕೆಂದರೆ ನನ್ನದೂ ಅಂಥದೇ. ಇಷ್ಟು ದಿನ ನನ್ನ ಅಡುಗೆಮನೆಯಲ್ಲಿ ಕೂತಿದ್ದವಳು ಯಾರು ಎಂದು ಕೇಳಿದರೆ?

ದೋಣಿಯವನನ್ನು ಬಹಳ ನಯವಾಗಿ ಕೇಳಿದೆ. ಅವನು, ಧಾರಾಳವಾಗಿ ತನ್ನಿ, ಎಲ್ಲರೂ ಅದಕ್ಕೇ ಬರುವುದು, ಹಿಂದುಗಡೆ ದೊಡ್ಡ ಐಸ್ ಪೆಟ್ಟಿಗೆ ಇದೆ ಎಂದ. ನಾನು ಥ್ಯಾಂಕ್ಸ್ ಹೇಳಿ ಅವಳ ಕಡೆ ತಿರುಗಿದೆ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು.

"ಆಗಲ್ವಂತೆ ಕಣಮ್ಮ. ರೂಲ್ಸಂತೆ" ಎಂದೆ.

"ಹೌದಾ" ಎಂದಳು ಹುಡುಗಿ. ಅಂಗಡಿಯವನು ಅಷ್ಟರಲ್ಲಿ ನಾಲ್ಕು ಮೀನನ್ನೂ ಬಿಳಿ ಕಾಗದದಲ್ಲಿ ಸುತ್ತಿಬಿಟ್ಟಿದ್ದ. ಅವಳು ಬೇಡವೆಂದು ಕೈಯಾಡಿಸಿದಳು. ಅವನು ಯಾಕೆ ಎಂದ. ಅವಳು ತನ್ನ ಬಾಯಿಯ ಕಡೆ, ಅಂದರೆ ನನ್ನ ಕಡೆ ನೋಡಿದಳು. ಮನಸ್ಸು ಬದಲಾಯಿಸಿದಳು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹಿಂದೆ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು ಆ ಪೊಟ್ಟಣವನ್ನೇ ತೆಗೆದುಕೊಂಡು ಹೋದಳು. ಹುರಿದ ಮೀನು ಕೊಡಿಸುತ್ತೇನೆ ಎಂದು ಮತ್ತೆ ಒತ್ತಾಯಿಸಿದೆ. "ಬೇಡ ಅಕ್ಕ, ಹಸಿವು ಹೋಯ್ತು."

ದೋಣಿ ಹೊರಡುವ ಗಂಟೆ ಬಾರಿಸಿದಾಗ ಉಳಿದ ಪ್ರವಾಸಿಗರು ಬಂದರು. ಒಬ್ಬನ ಕೈಯಲ್ಲಿ ಏಡಿಯ ಚೀಲ, ಇನ್ನೊಬ್ಬರ ಕೈಯಲ್ಲಿ ಬಾಲ ಹೊರಗೆ ಚಾಚಿದ ಮೀನು. ದೋಣಿಯವನೇ ಎದ್ದು ಒಂದೊಂದನ್ನೂ ಐಸ್ ಪೆಟ್ಟಿಗೆಗೆ ಇಳಿಸಿಕೊಟ್ಟ. ಪೆಟ್ಟಿಗೆ ನಮ್ಮ ಬೆಂಚಿನ ಎದುರಿಗೇ ಇತ್ತು.

"ಅಮ್ಮಾ, ಹೀ ಸೆಡ್ ಇಟ್ಸ್ ಓಕೆ. ವೈ ಡಿಡ್ ಯೂ ಸೇ ನೋ?" ಎಂದಳು ಮಗಳು, ಎಲ್ಲರಿಗೂ ಕೇಳುವ ಹಾಗೆ.

"ಸುಮ್ನಿರು ಪುಟ್ಟಿ."

"ಬಟ್ ಹೀ ಸೆಡ್—"

ನನ್ನ ಕಿವಿಯೆಲ್ಲ ಬಿಸಿಯಾಯಿತು. ಪಕ್ಕದಲ್ಲಿ ಕೂತವಳು ನೀರನ್ನೇ ನೋಡುತ್ತಿದ್ದಳು. ಆಮೇಲೆ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಗಾಳಿಗೆ ಬಿಚ್ಚಿದ್ದ ಕೂದಲನ್ನು ಕ್ಲಿಪ್ಪಿಗೆ ಸೇರಿಸುತ್ತ, "ಎಂತ ಹೇಳ್ತಾಳೋ ಇವಳು! ನಂಗೆ ಎಲ್ಲಿ ಅಷ್ಟು ಇಂಗ್ಲಿಷ್ ಬರ್ತದೆ" ಎಂದು ನಕ್ಕಳು. ಓಕೆ, ನೋ ಎಂಬ ಎರಡು ಮಾತು ತಿಳಿಯಲು ಎಷ್ಟು ಇಂಗ್ಲಿಷ್ ಬೇಕು? ನನ್ನ ಮಗಳ ಮುಂದೆ ನನ್ನ ಮಾನ ಉಳಿಯಲಿ ಎಂದು ಅವಳು ದಡ್ಡಿಯಾದಳು.

ಮರುದಿನ ಪೂಜೆಯಲ್ಲಿ ಕಥೆ ಓದುವ ಕೆಲಸ ಎಂದಿನಂತೆ ನನ್ನದು, ಉಚ್ಚಾರ ಸ್ಪಷ್ಟ ಎಂದು. ಆ ಕಥೆಯಲ್ಲಿ ಒಬ್ಬ ವ್ಯಾಪಾರಿ ಬರುತ್ತಾನೆ. ದೋಣಿಯಲ್ಲಿ ಏನಿದೆ ಎಂದು ಕೇಳಿದರೆ ಬರೀ ಎಲೆ ಬಳ್ಳಿ ಎಂದು ಸುಳ್ಳು ಹೇಳುತ್ತಾನೆ. ವರ್ಷಕ್ಕೆ ನಾಲ್ಕೈದು ಮನೆಗಳಲ್ಲಿ ನಾನೇ ಓದುವ ಭಾಗ. ಅಲ್ಲಿಗೆ ಬಂದಾಗ ತಲೆ ಎತ್ತಲಾಗಲಿಲ್ಲ. ಅವಳು ಮುಂದಿನ ಸಾಲಿನಲ್ಲಿ, ತಲೆಗೆ ಸ್ನಾನ ಮಾಡಿ, ಕೈಮುಗಿದು ಕೂತಿದ್ದಳು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದು, ಐದು ನಿಮಿಷದಲ್ಲಿ ಕೆಳಗೆ ಓಡಿದಳು. ವಾಂತಿಯ ಸದ್ದು ಮೆಟ್ಟಿಲವರೆಗೆ ಕೇಳಿಸಿತು.

ಮಂಗಳವಾರ ಅವಳ ಮನೆಗೆ ಹೋದಾಗ ಸಿಂಕಿನ ಪಕ್ಕ ಹುಣಸೆಹಣ್ಣಿನ ಬಟ್ಟಲು ಇನ್ನೂ ಇತ್ತು. ಮೇಲೆ ಬಿಳಿ ಬೂಷ್ಟು ಕಟ್ಟಿತ್ತು. ನಾನು ನೋಡಿದ್ದನ್ನು ನೋಡಿ ಅವಳು ಅದರ ಮೇಲೆ ತಟ್ಟೆ ಮುಚ್ಚಿದಳು.

ನಾನು ಆಮೇಲೆ ಸುಮ್ಮನೆ ಕೂರಲಿಲ್ಲ. ಬಯಕೆ ಊಟ ಎಂದು ಒಬ್ಬಟ್ಟು, ಪುಳಿಯೋಗರೆ, ಕೋಡುಬಳೆ, ಹಸಿರು ಬಳೆ, ಹೂವಿನ ಜಡೆ ಎಲ್ಲ ಮಾಡಿದೆ. ಎಲ್ಲರೂ ನನ್ನನ್ನು ಹೊಗಳಿದರು. ಅವಳು ಎಲೆಯಲ್ಲಿ ಎರಡು ತುತ್ತು ತಿಂದಳು. ನನ್ನ ಮುಂದೆ ಮತ್ತೆಂದೂ ಇಂಥದ್ದು ಬೇಕು ಎನ್ನಲಿಲ್ಲ. ಏಳನೇ ತಿಂಗಳು ಮುಗಿಯುತ್ತಲೇ ಗಂಡ ಬಂದು ಶಾರ್ಲಟ್‌ಗೆ ಕರೆದುಕೊಂಡು ಹೋದ. ಅಲ್ಲಿ ಹೆಣ್ಣುಮಗು ಹುಟ್ಟಿತು. ತೂಕ ಕಮ್ಮಿ, ಆದರೆ ಗಟ್ಟಿಯಾಗಿದೆ ಎಂದು ಫೋನಿನಲ್ಲಿ ಹೇಳಿದಳು.

ಮುಂದಿನ ಚಳಿಗಾಲದಲ್ಲಿ ನಾವು ಅಟ್ಲಾಂಟಾಕ್ಕೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ದಾರಿಯಲ್ಲಿ ಊಟಕ್ಕೆ ಬರಲೇಬೇಕೆಂದು ಅವಳು ಹಟ ಹಿಡಿದಳು. ಹೋದ ಕೂಡಲೇ ಮಗುವನ್ನು ಎತ್ತಿಕೊಂಡೆ. ಮುದ್ದು ಮಾಡುವ ನೆಪದಲ್ಲಿ ಟೊಪ್ಪಿ ಸರಿಸಿ ಎರಡೂ ಕಿವಿ ನೋಡಿದೆ. ಒಣಗಿದ, ಚೊಕ್ಕ ಕಿವಿಗಳು. ಓದಿದವಳು ನಾನು, ಇದನ್ನೆಲ್ಲ ನಂಬುವವಳಲ್ಲ. ಆದರೂ ಮಗುವನ್ನು ಎದೆಗೊತ್ತಿಕೊಂಡು ಅಲ್ಲೇ ಕೂತುಬಿಟ್ಟೆ.

ಅಷ್ಟು ಚಳಿಯಲ್ಲೂ ಅಡುಗೆಮನೆಯ ಕಿಟಕಿ ಪೂರ್ತಿ ತೆರೆದಿತ್ತು. ನಿಂಬೆ ವಾಸನೆಯ ಸೋಪಿನಿಂದ ಎಲ್ಲವನ್ನೂ ತಿಕ್ಕಿದ್ದಳು. ಒಲೆಯ ಮೇಲೆ ಫಳಫಳ ಹೊಳೆಯುವ ಮೂರು ಪಾತ್ರೆ.

"ಇದ್ರಲ್ಲಿ ಮೀನು ಮಾಡಿದ್ದಿಲ್ಲ ಅಕ್ಕ, ನಿಮ್ಗೆ ಅಂತಲೇ ಹೊಸತು ತಂದದ್ದು. ಸೌಟೂ ಹೊಸತು. ಮೂರು ದಿನದಿಂದ ಮನೆಗೆ ಮೀನು ತರ್ಲಿಲ್ಲ. ನೀವು ಧೈರ್ಯದಿಂದ ಊಟ ಮಾಡ್ಬಹುದು."

ಚುಚ್ಚಿ ಆಡಿದ ಮಾತಲ್ಲ ಅದು. ಚುಚ್ಚಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನನ್ನ ಗಂಡ, ಮಗಳು ಹೊರಗೆ ಟಿವಿ ಮುಂದಿದ್ದರು. ಇಲ್ಲಿ ನಾವಿಬ್ಬರೇ.

"ನೋಡು, ಅವತ್ತು ದೋಣಿಯವನು..." ಎಂದು ಶುರುಮಾಡಿದೆ.

"ಗೊತ್ತು ಅಕ್ಕ" ಎಂದಳು, ತಟ್ಟೆ ಒರೆಸುತ್ತ. "ಕೂತ್ಕೊಳ್ಳಿ, ಸಾರು ಆರ್ತದೆ."

ಕೂತೆ. ಸಾರಿನ ಪಾತ್ರೆಯ ಬದಿಯಲ್ಲಿ ಅಂಗಡಿಯ ಚೀಟಿ ಅರ್ಧ ಕಿತ್ತು ಅರ್ಧ ಉಳಿದಿತ್ತು. ಬಿಸಿಗೆ ಅದರ ಮೂಲೆ ಸುರುಳಿಯಾಗುತ್ತಿತ್ತು. ನಾನು ಅದನ್ನೇ ನೋಡುತ್ತ ಉಂಡೆ. ಅವಳು ಮತ್ತೆ ಬಡಿಸಲು ಹೊಸ ಸೌಟು ಎತ್ತಿದಾಗ ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ.