ತೂಕದ ಯಂತ್ರದ ಕಡೆ ನೋಡದವರು

ಅವರ ಎರಡೂ ತೋರುಬೆರಳುಗಳ ಒಳಮಗ್ಗುಲಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಪ್ಲಾಸ್ಟಿಕ್ ವಯರನ್ನು ಎಳೆದು ಎಳೆದು ಆದವು. ಡಯಾಲಿಸಿಸ್ ಕೇಂದ್ರದ ಬೆಂಚಿನ ಮೇಲೆ ಕೂತು ಅವರು ವಯರ್ ಬುಟ್ಟಿ ಹೆಣೆಯುತ್ತಿದ್ದರು. ಹಲಸೂರಿನವರು. ಮನೆಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ. ನಾನು ಅಕ್ಕ ಎನ್ನುತ್ತಿದ್ದೆ. ಅವರ ಗಂಡನ ಹಾಸಿಗೆ, ನನ್ನ ಅಪ್ಪನ ಹಾಸಿಗೆ ಪಕ್ಕಪಕ್ಕ. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ.

ಕಿಡ್ನಿ ನಿಂತ ಮೇಲೆ ಅಪ್ಪ ಕುಡಿದ ನೀರೆಲ್ಲ ಮೈಯಲ್ಲೇ ಉಳಿಯುತ್ತಿತ್ತು. ದಿನಕ್ಕೆ ಮುಕ್ಕಾಲು ಲೀಟರ್ ಮೀರಿದರೆ ಉಸಿರಿಗೇ ಕುತ್ತು ಎಂದಿದ್ದರು ಡಾಕ್ಟರು. ನಾನು ಒಂದು ಬಾಟಲಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ, ಹೊತ್ತುಹೊತ್ತಿಗೆ ಒಂದೊಂದು ಗೆರೆಯಷ್ಟು ಕೊಡುತ್ತಿದ್ದೆ. ಅಡುಗೆಮನೆಗೆ ಬೀಗ ಹಾಕುತ್ತಿದ್ದೆ. ಆದರೂ ಕೆ.ಆರ್. ಪುರದಿಂದ ಆಟೊದಲ್ಲಿ ಬಂದು ತೂಕದ ಯಂತ್ರ ಹತ್ತಿದರೆ ಅಪ್ಪ ನಾಲ್ಕು ಕಿಲೊ ಹೆಚ್ಚಿರುತ್ತಿದ್ದರು. ನಾನು ಎಲ್ಲರೆದುರೇ ಕೇಳುತ್ತಿದ್ದೆ.

"ಎಲ್ಲಿ ಕುಡಿದ್ರಿ ಅಪ್ಪ? ನಿಜ ಹೇಳಿ."

"ಕುಡಿಲಿಲ್ಲಮ್ಮ."

ಅಕ್ಕನ ಗಂಡ ಹಾಸಿಗೆಯಿಂದಲೇ ಕೂಗುತ್ತಿದ್ದರು: "ಏನ್ ಬಾಸ್, ವಾರ್ಡನ್ ಕೈಗೆ ಸಿಕ್ಕಾಕೊಂಡ್ರಾ? ನಂದು ನಾಲ್ಕೂಕಾಲು. ಈ ಸಲ ಕಪ್ ನಂದೇ!"

ಅಪ್ಪ ನಗುತ್ತಿದ್ದುದು ಅವರ ಮಾತಿಗೆ ಮಾತ್ರ.

ನರ್ಸ್ ಆ ನಾಲ್ಕೂಕಾಲನ್ನು ಬರೆದುಕೊಳ್ಳುವಾಗ ಅಕ್ಕ ಬುಟ್ಟಿಯಿಂದ ಕಣ್ಣೆತ್ತುತ್ತಿರಲಿಲ್ಲ. ಬಾಯಿ ಒದ್ದೆ ಮಾಡಿಕೊಳ್ಳಲೆಂದು ಒಂದು ಫ್ಲಾಸ್ಕಿನಲ್ಲಿ ಐಸ್ ತುಂಡುಗಳನ್ನು ತಂದು, ಮುಚ್ಚಳ ತೆಗೆದು, ಎರಡು ಹಾಸಿಗೆಗಳ ನಡುವೆ ಇಟ್ಟು ಬಂದುಬಿಡುತ್ತಿದ್ದರು. ಅಪ್ಪ ಎಷ್ಟು ತೆಗೆದುಕೊಂಡರೆಂದು ನಾನು ಬಾಗಿಲಲ್ಲಿ ನಿಂತು ಲೆಕ್ಕ ಹಿಡಿಯುತ್ತಿದ್ದೆ.

"ಎಣಿಸ್ಬೇಡಮ್ಮ," ಎಂದರು ಅಕ್ಕ ಒಂದು ದಿನ. "ಬಾಯಿ ಒಣಗಿರೋದು ಅವರಿಗೆ."

"ನೀವು ಏನೂ ಕೇಳೋದೇ ಇಲ್ವಾ ಅಕ್ಕ?"

"ಎರಡು ವರ್ಷ ಕೇಳಿದೀನಿ. ನಲ್ಲಿ ತಿರುಪೇ ಬಿಚ್ಚಿಟ್ಕೊಂಡಿದ್ದೆ. ಒಂದಿನ ನೋಡ್ತೀನಿ, ಕಕ್ಕಸಿನ ಬಕೆಟ್ಟಲ್ಲಿ ಕೈ ಅದ್ದಿ ಅದ್ದಿ ಕುಡೀತಾವ್ರೆ. ನನ್ನ ನೋಡಿ ಹೆದರ್ಕೊಂಡ್ಬಿಟ್ರು. ಮೂವತ್ತು ವರ್ಷದಲ್ಲಿ ಅವರು ನನಗೆ ಹೆದರಿದ್ದು ಅದೊಂದೇ ಸಲ. ಅವತ್ತೇ ತಿರುಪು ವಾಪಸ್ ಹಾಕ್ಬಿಟ್ಟೆ."

ನಾನು ತಲೆಯಾಡಿಸಿದೆ. ಮನೆಗೆ ಹೋಗಿ ಕಕ್ಕಸಿನ ಬಕೆಟ್ಟನ್ನೂ ಬೋರಲು ಹಾಕಿದೆ. ಅವರ ಮಾತಿನಿಂದ ನಾನು ಕಲಿತದ್ದು ಇನ್ನೂ ಎಲ್ಲೆಲ್ಲಿ ಕಾವಲು ಕಾಯಬೇಕು ಎಂಬುದನ್ನು.

ಆ ಬೇಸಿಗೆಯಲ್ಲಿ ಅವರ ಗಂಡ ತೀರಿಕೊಂಡರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ತಿಂಗಳ ನಂತರ ಅಕ್ಕ ಕೇಂದ್ರಕ್ಕೆ ಬಂದರು. ಹೆಣೆದು ಮುಗಿಸಿದ್ದ ನೀಲಿ ಬುಟ್ಟಿಯನ್ನು ನನ್ನ ಮಡಿಲಲ್ಲಿಟ್ಟರು. ಆಗ ಕೇಳಬಾರದ್ದನ್ನು ಕೇಳಿದೆ.

"ತಡೆದಿದ್ರೆ ಉಳೀತಿದ್ರಾ ಅಕ್ಕ?"

ಅವರು ಬೆರಳಿನ ಗೀರುಗಳನ್ನು ಸವರಿಕೊಂಡರು. "ಉಳೀತಿದ್ರೋ ಏನೋ. ದಿನಾ ಬೆಳಗ್ಗೆ ಎದ್ದು ಅದನ್ನೇ ಕೇಳ್ಕೋತೀನಿ." ಬುಟ್ಟಿಯ ಹಿಡಿಯನ್ನು ಸರಿಮಾಡುತ್ತಾ ಹೇಳಿದರು: "ಕೊನೇ ದಿನ ಅವರಾಗೇ ಬಂದು, ಒಂದು ಚೊಂಬು ಕುಡಿದ್ಬಿಟ್ಟೆ ಕಣೇ ಅಂದ್ರು. ಆಯ್ತು ಬನ್ನಿ ಅಂತ ಪಕ್ಕದಲ್ಲಿ ಕೂರಿಸ್ಕೊಂಡೆ. ಅಷ್ಟೇ ಕಣಮ್ಮ ನಂಗೆ ಉಳಿದಿರೋದು."

ಅಷ್ಟು ಹೇಳಿ ಎದ್ದು ಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಅಂದು ಸಂಜೆ ಅಡುಗೆಮನೆಯ ಬೀಗ ತೆಗೆದೆ. ಗೆರೆಯ ಬಾಟಲಿಯನ್ನು ನೀಲಿ ಬುಟ್ಟಿಗೆ ಹಾಕಿ ಅಟ್ಟದ ಮೇಲಿಟ್ಟೆ. "ಅಪ್ಪ, ಇನ್ಮೇಲೆ ನಾನು ಕೇಳಲ್ಲ. ನಿಮಗೆ ಗೊತ್ತಲ್ಲ, ನೀವೇ ನೋಡ್ಕೊಳ್ಳಿ," ಎಂದೆ. ಅಪ್ಪ ನನ್ನ ಮುಖ ನೋಡಿದರು. ಇದೂ ನನ್ನ ಹೊಸ ಉಪಾಯವೆಂದು ತಿಳಿದರೆಂದು ಕಾಣುತ್ತದೆ. ಅಡುಗೆಮನೆ ತೆರೆದೇ ಇತ್ತು. ಅವರು ಅತ್ತ ಹೋಗಲಿಲ್ಲ.

ಒಂದು ವಾರದ ನಂತರ ಬಚ್ಚಲಿನಲ್ಲಿ ನಲ್ಲಿ ಸಣ್ಣಗೆ ಬಿಟ್ಟ ಸದ್ದು ಕೇಳಿತು. ಬಾಗಿಲ ಹೊರಗೆ ನಿಂತಿದ್ದೆ. ಕೈ ಎತ್ತಿದ್ದೆ. ತಟ್ಟಲಿಲ್ಲ. ಅದೊಂದನ್ನು ಅಕ್ಕನಿಂದ ಕಲಿತಿದ್ದೆ. ಹೋಗಿ ಕುರ್ಚಿಯಲ್ಲಿ ಕೂತೆ. ಅಪ್ಪ ಬಾಯಿ ಒರೆಸಿಕೊಳ್ಳುತ್ತಾ ಹೊರಬಂದರು, ನನ್ನನ್ನು ಕಂಡು ನಿಂತರು. ಪಕ್ಕದ ಕುರ್ಚಿ ಖಾಲಿ ಇತ್ತು. ಬನ್ನಿ ಅಪ್ಪ ಎನ್ನಬೇಕೆಂದು ಬಾಯಿ ತೆರೆದೆ.

"ಕುಡಿಲಿಲ್ಲಮ್ಮ," ಎಂದರು.

ನಾನು ಕೇಳಿರಲಿಲ್ಲ. ಅಂದೇ ರಾತ್ರಿ ಅಪ್ಪನಿಗೆ ಉಸಿರು ಕಟ್ಟಿತು, ಮರುದಿನ ಮಧ್ಯಾಹ್ನ ತೀರಿಹೋದರು. ನಮ್ಮಿಬ್ಬರ ನಡುವಿನ ಕೊನೆಯ ಮಾತು ಅದು.