ಕುಡುಗೋಲಿಗೆ ಹೆದರದವರು ಮಹಜರಿಗೆ ಹೆದರಿ ಓಡಿದರು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಮಾದಿಹಳ್ಳಿಯ ಪುಟ್ಟರಾಜು ಕುಡುಗೋಲು ಹಿಡಿದು ಹಾಲಿನ ಡೈರಿಯೊಳಗೆ ಬಾಗಿಲು ಹಾಕಿಕೊಂಡ. "ಎಲ್ರೂ ನನ್ನ ಸಾಯ್ಸಕ್ ಬಂದವ್ರೆ" ಎಂದು ಒಂದೇ ಕೂಗು. ಹಾಲು ಹಾಕಲು ಬಂದವರೆಲ್ಲ ಮೊಬೈಲ್ ಎತ್ತಿ ವಿಡಿಯೊ ಮಾಡಲು ನಿಂತರು.

ಪೊಲೀಸ್ ಜೀಪಿನಿಂದ ಕಾನ್‌ಸ್ಟೇಬಲ್ ಜೊತೆ ಒಬ್ಬ ಮನೋವೈದ್ಯೆಯೂ ಇಳಿದರು. "ಲಾಠಿ ಜೀಪಲ್ಲೇ ಇರ್ಲಿ ಸಾರ್. ಮೊದ್ಲು ಈ ಜನ ಹೋಗ್ಬೇಕು, ಇವ್ರನ್ನ ನೋಡಿ ಒಳಗಿರೋರಿಗೆ ಇನ್ನೂ ಭಯ ಆಗುತ್ತೆ" ಎಂದರು. ಕಾನ್‌ಸ್ಟೇಬಲ್ ಬೇಡಿಕೊಂಡರೂ ಒಬ್ಬನೂ ಕದಲಲಿಲ್ಲ.

ನಾನು ಕೂಗಿದೆ: "ಯಾರೂ ಹೋಗ್ಬೇಡ್ರಪ್ಪಾ, ಮಹಜರಿಗೆ ಸಾಕ್ಷಿ ಸಹಿ ಬೇಕಂತೆ! ಕೋರ್ಟಿಗೂ ಬರ್ಬೇಕಂತೆ!"

ಹಾಲಿನ ಕ್ಯಾನು ಬಿಟ್ಟು ಜನ ಮಾಯ.

ಡಾಕ್ಟರಮ್ಮ ಕಿಟಕಿಯ ಹೊರಗೆ ನೆಲದ ಮೇಲೆ ಕೂತರು. "ಪುಟ್ಟರಾಜಣ್ಣ, ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ನಾಕ್ ದಿನ ಆಯ್ತು ಕಣವ್ವ."

ಅರ್ಧ ಗಂಟೆ ಮಾತಾಡಿದ ಮೇಲೆ ಕಿಟಕಿಯಿಂದ ಕುಡುಗೋಲು ಹೊರಗೆ ಬಂತು, ಬಾಗಿಲಿನಿಂದ ಅವನು ಬಂದ. ಬೇಡಿಯಿಲ್ಲದೆ, ಡಾಕ್ಟರಮ್ಮನ ಪಕ್ಕದಲ್ಲೇ ಕೂತು ಆಸ್ಪತ್ರೆಗೆ ಹೊರಟ.

ಕಾನ್‌ಸ್ಟೇಬಲ್ ನನ್ನ ಕೈ ಕುಲುಕಿ, "ಥ್ಯಾಂಕ್ಸ್ ಯಜಮಾನ್ರೇ" ಎಂದರು. ಎಪ್ಪತ್ತೆರಡು ವರ್ಷದಿಂದ ಸುಳ್ಳು ಹೇಳುತ್ತಿದ್ದೇನೆ. ಪೊಲೀಸರಿಂದ ಶಹಭಾಸ್‌ಗಿರಿ ಸಿಕ್ಕಿದ್ದು ಇದೇ ಮೊದಲು.